ಡ್ರಿಲ್ ಮೇಡಂ ಕಟ್ಟಿಸಿದ ಮನೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನ ಆಫೀಸಿನ ಹಿಂಬದಿಗೆ ಒಂದು ಶಾಲೆಯ ಮೈದಾನವಿದೆ. ಕಳೆದ ವಾರ ಅಲ್ಲಿ ಕ್ರೀಡಾಕೂಟಕ್ಕೆಂದು ಓಟದ ಪಟ್ಟಿಗಳನ್ನು ಎಳೆಯುತ್ತಿದ್ದರು. ನೀರು ಚಿಮುಕಿಸಿದ ಮಣ್ಣಿನ ಮೇಲೆ ಸುಣ್ಣದ ಪುಡಿ ಬಿದ್ದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಘಾಟು, ಸ್ವಲ್ಪ ತಂಪು, ಮೂಗಿನ ತುದಿಯಲ್ಲಿ ಕೂತುಬಿಡುವಂಥದ್ದು. ಕಿಟಕಿಯಿಂದ ಅದು ಒಳಗೆ ಬಂದದ್ದೇ ತಡ, ನನಗೆ ಗೊತ್ತಿಲ್ಲದೆಯೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಆ ವಾಸನೆ ಇರುವಲ್ಲಿ ಗೂನುಬೆನ್ನು ಮಾಡಿಕೊಂಡು ಕೂರುವ ಧೈರ್ಯ ನನಗೆ ಈಗಲೂ ಇಲ್ಲ.

ಭದ್ರಾವತಿಯ ಹೈಸ್ಕೂಲಿನಲ್ಲಿ ನಮಗೆ ವ್ಯಾಯಾಮ ಹೇಳಿಕೊಟ್ಟವರು ಅವರು. ಊರೆಲ್ಲ ಡ್ರಿಲ್ ಮೇಡಂ ಎಂದೇ ಕರೆಯುತ್ತಿತ್ತು. ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿ, ಕೊರಳಲ್ಲಿ ವಿಷಲ್ ನೇತುಹಾಕಿಕೊಂಡು ಮೈದಾನಕ್ಕೆ ಇಳಿದರೆ ಹುಡುಗಿಯರ ಪಿಸುಮಾತು ಅಲ್ಲಿಗೇ ನಿಲ್ಲುತ್ತಿತ್ತು. ಓಟದ ಪಟ್ಟಿಯನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ತಾವೇ ಬಗ್ಗಿ, ಸುಣ್ಣ ಉದುರಿಸುತ್ತ, ಹಿಂದೆ ಹಿಂದೆ ನಡೆಯುತ್ತ ಎಳೆಯುತ್ತಿದ್ದರು. ಗದರುವುದೂ ಜೋರು, ನಗುವುದೂ ಜೋರು. ಮೈದಾನದ ಬೇಲಿಯಾಚೆ ಒಬ್ಬ ಗುಂಡುಮುಖದ ಯುವಕ ಅವರಿಗಾಗಿ ಕಾಯುತ್ತ ನಿಂತಿರುತ್ತಿದ್ದ. ಅವರ ತಮ್ಮ ಶ್ರೀಧರ. ಅವನಿಗೆ ಹುಟ್ಟಿನಿಂದ ಡೌನ್ ಸಿಂಡ್ರೋಮ್ ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ನಾವು ಗೆದ್ದರೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವನು ಎಂಬುದಷ್ಟೇ ಗೊತ್ತಿತ್ತು.

ನಾನು ಓದಿ, ಸಿವಿಲ್ ಇಂಜಿನಿಯರ್ ಆಗಿ, ದುರ್ಗಿಗುಡಿಯಲ್ಲಿ ಆಫೀಸು ತೆರೆದು ಎಷ್ಟೋ ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಬೀದಿಯಿಂದ ಆ ದನಿ ಕೇಳಿತು.

"ಏ ಹುಡುಗಿ! ಕೆಳಗಿಳಿದು ಬಾರೇ!"

ಆ ಹೊತ್ತಿಗೆ ನನಗೆ ಮದುವೆಯಾಗಿ ಮಗಳೂ ಇದ್ದಳು. ಆದರೂ ಏ ಹುಡುಗಿ ಎಂದರೆ ನಾನೇ ಎಂದು ಗೊತ್ತಾಗಿ ಓಡಿದೆ. ಕೆಳಗೆ ಆಟೋದ ಪಕ್ಕದಲ್ಲಿ ಮೇಡಂ, ಅದೇ ಕ್ಯಾನ್ವಾಸ್ ಶೂ, ತಲೆಯೆಲ್ಲ ಬೆಳ್ಳಗೆ. ಪಕ್ಕದಲ್ಲಿ ಶ್ರೀಧರ, ಅವನ ಕಿವಿಯ ಬಳಿಯೂ ನರೆ. ಅವನ ಜೊತೆ ವೀಲ್‌ಚೇರಿನಲ್ಲಿ ಕೂತ ಇನ್ನೊಬ್ಬ.

"ಇವನು ಸೆಲ್ವ, ನಮ್ಮ ಶ್ರೀಧರನ ಫ್ರೆಂಡು. ಮನೆ ಕಟ್ಟೋ ಇಂಜಿನಿಯರ್ ಅಂತೀಯ, ನಿನ್ನ ಆಫೀಸಿಗೆ ಇವನನ್ನ ಹತ್ತಿಸೋದು ಹೇಗೆ ಹೇಳು. ಮೆಟ್ಟಿಲು ನೋಡು ಮಾರಾಯ್ತಿ, ಬಾವಿಗೆ ಇಳಿಯೋ ಹಾಗಿದೆ!"

ಹೀಗೆ ನಮ್ಮ ಮೊದಲ ಮಾತುಕತೆ ಬೀದಿಯಲ್ಲೇ ನಡೆಯಿತು. ಪಕ್ಕದ ಹೋಟೆಲಿನವನು ಮೂರು ಸ್ಟೂಲು, ನಾಲ್ಕು ಕಾಫಿ ತಂದುಕೊಟ್ಟ. ಮೇಡಂ ನಿವೃತ್ತರಾದ ಮೇಲೆ ಶಿವಮೊಗ್ಗದ ವಿನೋಬನಗರಕ್ಕೆ ಬಂದು ತಮ್ಮನ ಜೊತೆ ಇದ್ದರು. ಅವರು ಮದುವೆಯಾದವರಲ್ಲ. ತಂದೆ ಭದ್ರಾವತಿಯ ಕಾರ್ಖಾನೆಯಲ್ಲಿದ್ದಾಗ ಅಲ್ಲಿನ ಜನ್ನಾಪುರದಲ್ಲಿ ಕೊಂಡಿದ್ದ ಸೈಟೊಂದು ಹಾಗೇ ಬಿದ್ದಿತ್ತು. ಅಲ್ಲಿ ಒಂದು ಮನೆ ಕಟ್ಟಬೇಕು. ಶ್ರೀಧರ, ಸೆಲ್ವ, ಇಮ್ರಾನ್ ಎಂಬ ಇನ್ನೊಬ್ಬ ಗೆಳೆಯ, ಮೂವರೂ ಇರುವುದಕ್ಕೆ. ಮೂವರೂ ಶಿವಮೊಗ್ಗದ ಒಂದು ತರಬೇತಿ ಕೇಂದ್ರದಲ್ಲಿ ಪೇಪರ್ ಕವರ್ ಮಡಚುವ ಕೆಲಸ ಕಲಿಯುತ್ತ ಜೊತೆಯಾದವರು. ಮೂವರೂ ನಡುವಯಸ್ಸಿನವರು. ಮೂವರ ಮನೆಯಲ್ಲೂ ಅವರನ್ನು ನೋಡಿಕೊಳ್ಳುವವರಿಗೆ ವಯಸ್ಸಾಗುತ್ತಿತ್ತು.

"ನಾನು ಹೋದ ಮೇಲೆ ಶ್ರೀಧರ ಎಲ್ಲಿರಬೇಕು ಅಂತ ನಮ್ಮ ನೆಂಟರು ಮದುವೆಮನೇಲಿ ಇವನ ಮುಂದೇನೇ ಚರ್ಚೆ ಮಾಡಿದ್ರು ಕಣೇ. ಇವನು ಬಾಳೆಎಲೆ ಮುಂದೆ ಕೂತಿದ್ದ. ಹೋಳಿಗೆ ಬಿಟ್ಟು ಎದ್ದ." ಮೇಡಂ ಕಾಫಿಯ ಲೋಟ ಕೆಳಗಿಟ್ಟರು. "ಅವರು ಹೇಳಿದ ಜಾಗಕ್ಕೂ ಹೋಗಿ ನೋಡ್ಕೊಂಡು ಬಂದೆ. ಕೆಟ್ಟದಲ್ಲ. ಕ್ಲೀನಾಗಿದೆ. ಹಾಲ್ ತುಂಬ ಸಾಲಾಗಿ ಮಂಚ, ಎಲ್ಲರಿಗೂ ಒಂದೇ ತರ ಕ್ರಾಪು. ಒಬ್ಬ ನನ್ನ ಕೈ ಹಿಡ್ಕೊಂಡು, 'ನಿಮ್ಮನೆಗೆ ಕರ್ಕೊಂಡು ಹೋಗ್ತೀರಾ' ಅಂದ. ಅಲ್ಲೇ ತೀರ್ಮಾನ ಮಾಡಿದೆ. ಇವನಿಗೆ ಮನೆ ಬೇಕು. ಮಂಚ ಅಲ್ಲ."

ಶ್ರೀಧರ ನನ್ನ ಕಡೆ ತಿರುಗಿ ಗಂಭೀರವಾಗಿ ಹೇಳಿದ: "ಹಸಿರು ಬಣ್ಣ ಹೊಡೀಬೇಕು ಇಂಜಿನಿಯರಮ್ಮ."

ನಾನು ಪ್ಲಾನ್ ಬರೆದೆ. ಮೂರು ಕೋಣೆ, ಒಂದು ಹಾಲು, ಅಡುಗೆಮನೆ, ಸಹಾಯಕ್ಕೆ ಜೊತೆಗಿರುವ ಗಂಡಹೆಂಡತಿಗೆ ಪಕ್ಕದಲ್ಲೊಂದು ಪುಟ್ಟ ಮನೆ. ವೀಲ್‌ಚೇರ್ ಹೋಗುವಂತೆ ಇಳಿಜಾರು, ಅಗಲವಾದ ಬಾಗಿಲು. ಹಾಳೆಯನ್ನು ವಿನೋಬನಗರಕ್ಕೆ ಒಯ್ದು ಮೇಜಿನ ಮೇಲೆ ಹರಡಿದಾಗ ಶ್ರೀಧರ ಅದನ್ನು ಈ ಕಡೆಯಿಂದ, ಆ ಕಡೆಯಿಂದ ನೋಡಿದ. ಆಮೇಲೆ, "ಇದ್ರಲ್ಲಿ ಮನೆ ಎಲ್ಲಿದೆ?" ಎಂದು ಕೇಳಿದ.

ಮೇಡಂ ಜೋರಾಗಿ ನಕ್ಕರು. "ಸರಿಯಾಗಿ ಕೇಳಿದ! ನನಗೂ ಗೊತ್ತಾಗಲಿಲ್ಲ. ಭಾನುವಾರ ಸೈಟಿಗೆ ಬಾ. ಸುಣ್ಣ ನಾನು ತರ್ತೀನಿ."

ಆ ಭಾನುವಾರವನ್ನು ನಾನು ಎಂದೂ ಮರೆಯಲಾರೆ. ಬೆಳಗಿನ ಎಳೆಬಿಸಿಲು. ಜನ್ನಾಪುರದ ಆ ಸೈಟಿನಲ್ಲಿ ಗಿಡಗಂಟಿ ಕೀಳಿಸಿ ನೆಲ ಸಮ ಮಾಡಿಸಿದ್ದರು. ನಾನು ಟೇಪ್ ಹಿಡಿದು ಅಳತೆ ಹೇಳುತ್ತ ಹೋದೆ. ಮೇಡಂ ಸೆರಗು ಸಿಕ್ಕಿಸಿ, ಬಗ್ಗಿ, ಹಿಂದೆ ಹಿಂದೆ ನಡೆಯುತ್ತ ಗೋಡೆಗಳನ್ನು ಎಳೆದರು. ಕೋಣೆ, ಹಾಲು, ಬಚ್ಚಲು, ಎಲ್ಲವೂ ನೆಲದ ಮೇಲೆ ಬಿಳಿ ಗೆರೆಯಾಗಿ ಮಲಗಿದವು. ಆಮೇಲೆ ವಿಷಲ್ ಊದಿ, "ಮನೆಯೋರೆಲ್ಲ ಒಳಗೆ ಬನ್ನಿ!" ಎಂದರು.

ಮೂವರೂ ಬಂದರು. ಸೆಲ್ವನ ತಾಯಿ, ಇಮ್ರಾನನ ತಂದೆ ಬೇಲಿಯ ಬಳಿ ನಿಂತು ನೋಡುತ್ತಿದ್ದರು. ಸೆಲ್ವ ತಾನೇ ಚಕ್ರ ತಳ್ಳಿಕೊಂಡು ಬಚ್ಚಲಿಗೆ ಹೋದ. ತಿರುಗಿಸಲು ಹೋದವನು ಸೀದಾ ಗೆರೆ ದಾಟಿ ಆಚೆ ಬಂದ. "ಗೋಡೆ ಒಡೆದ! ಸೆಲ್ವ ಗೋಡೆ ಒಡೆದ!" ಎಂದು ಶ್ರೀಧರ ಕುಣಿದ. ಸೆಲ್ವನ ತಾಯಿ, "ಐಯೋ, ಕಟ್ಟೋಕೆ ಮುಂಚೇನೇ ಒಡೆದುಬಿಟ್ಟಿಯಾಡಾ" ಎಂದು ತಮಿಳು ಬೆರೆತ ಕನ್ನಡದಲ್ಲಿ ಹಣೆ ಚಚ್ಚಿಕೊಂಡು ನಕ್ಕರು. ನಾನು ಬಚ್ಚಲನ್ನು ದೊಡ್ಡದು ಮಾಡಿದೆ. ಇಮ್ರಾನ್ ಮಾತು ಕಡಿಮೆ. ಗಲಾಟೆಯಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಅವನಿಗೆಂದು ನಾನು ಅಡುಗೆಮನೆಯ ಪಕ್ಕದ ಕೋಣೆ ಇಟ್ಟಿದ್ದೆ. ಅವನು ಅದರೊಳಗೆ ನಿಂತ, ಹೊರಬಂದ, ಸೈಟಿನ ಹಿಂದಿನ ಮೂಲೆಗೆ ಹೋಗಿ ಪೇರಲೆ ಗಿಡದ ನೆರಳಿನಲ್ಲಿ ಕೂತುಬಿಟ್ಟ. ಕರೆದರೂ ಏಳಲಿಲ್ಲ.

"ಅವನ ಕೋಣೆ ಅಲ್ಲಿ ಬೇಕಂತೆ" ಎಂದ ಶ್ರೀಧರ.

ಇಮ್ರಾನನ ತಂದೆ ಮೆಲ್ಲಗೆ, "ಮಿಕ್ಸಿ ಶಬ್ದಕ್ಕೆ ಆಗಲ್ಲಮ್ಮ ಇವನಿಗೆ. ಮನೇಲೂ ಹಿತ್ತಲಿಗೆ ಓಡ್ತಾನೆ" ಎಂದರು. ಮೇಡಂ ಶೂ ತುದಿಯಿಂದ ಒಂದು ಗೆರೆ ಅಳಿಸಿ, ಪೇರಲೆ ಗಿಡದ ತನಕ ಹೊಸ ಗೆರೆ ಎಳೆದುಕೊಟ್ಟರು. ಇಮ್ರಾನ್ ಬಗ್ಗಿ ಆ ಗೆರೆಯನ್ನು ಬೆರಳಿಂದ ಮುಟ್ಟಿ ನೋಡಿದ.

ಶ್ರೀಧರನ ಬೇಡಿಕೆ ಬೇರೆಯೇ ಇತ್ತು. ಅವನು ತನ್ನ ಕೋಣೆಯ ಬಾಗಿಲಿರುವ ಜಾಗದಲ್ಲಿ ನಿಂತು, "ಇಲ್ಲಿ ಒಳಗಡೆಯಿಂದ ಚಿಲಕ ಬೇಕು" ಎಂದ.

"ನಿನಗೆ ಯಾಕೋ ಚಿಲಕ? ಒಳಗೆ ಬಿದ್ದುಗಿದ್ದರೆ?"

"ನಿನ್ನ ರೂಮಿಗೆ ಯಾಕಿದೆ?"

ಮೈದಾನದಲ್ಲಿ ನೂರಾರು ಹುಡುಗಿಯರನ್ನು ಸುಮ್ಮನಾಗಿಸಿದ ಮೇಡಂ ಸುಮ್ಮನಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೊನೆಗೆ ಒಂದು ಉಪಾಯ ಹುಡುಕಿದೆ. ಒಳಗಿನಿಂದ ಹಾಕಿಕೊಳ್ಳಬಹುದು, ತೀರ ಅಗತ್ಯ ಬಿದ್ದರೆ ಹೊರಗಿನಿಂದ ಒಂದು ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವಂಥ ಚಿಲಕ. ಶ್ರೀಧರ ಯೋಚಿಸಿ ಒಪ್ಪಿದ. "ಆದ್ರೆ ಸುಮ್ಸುಮ್ನೆ ತೆಗೀಬಾರ್ದು" ಎಂದ.

ಕೆಲಸ ಶುರುವಾದ ಮೇಲೆ ತಕರಾರೂ ಶುರುವಾಯಿತು. ಪಕ್ಕದ ಮನೆಯ ನಿವೃತ್ತ ಅಧಿಕಾರಿಯೊಬ್ಬರು ಬೀದಿಯವರನ್ನು ಕಟ್ಟಿಕೊಂಡು ಬಂದರು. ಅಂಥವರನ್ನೆಲ್ಲ ಇಲ್ಲಿ ತಂದಿಟ್ಟರೆ ಹೇಗೆ, ಹೆಣ್ಣುಮಕ್ಕಳು ಓಡಾಡುವ ಬೀದಿ, ಮುಂದೆ ಏನಾದರೂ ಆದರೆ ಯಾರು ಹೊಣೆ ಎಂದು ಒಂದೇ ಸಮನೆ ಹೇಳಿದರು. ಇಷ್ಟು ಜನ ಸೇರಿ ಅರ್ಜಿ ಕೊಟ್ಟರೆ ಕೆಲಸ ನಿಂತೇ ಹೋಗಬಹುದು ಎಂದು ನನಗೆ ಅನಿಸಿತು. ಮೇಡಂ ಮಾತ್ರ ಗುಂಪನ್ನು ಒಂದು ಸುತ್ತು ನೋಡಿದರು. ಹಿಂದೆ ನಿಂತಿದ್ದ ಅರ್ಧಕ್ಕರ್ಧ ಹೆಂಗಸರು ಅವರ ಹಳೆಯ ವಿದ್ಯಾರ್ಥಿನಿಯರು!

"ಅದ್ಯಾರು, ಲಾಂಗ್ ಜಂಪ್‌ನಲ್ಲಿ ಮೂಗು ಒಡ್ಕೊಂಡವಳಲ್ವಾ ನೀನು? ಆವತ್ತು ನಿನ್ನನ್ನ ಎತ್ಕೊಂಡು ಡಾಕ್ಟರ ಹತ್ರ ಓಡಿದ್ದು ಯಾರು?"

ಆ ಹೆಂಗಸು ಅಟೆನ್ಷನ್‌ಗೆ ನಿಂತಳು. "ನಿಮ್ಮ ತಮ್ಮ, ಮೇಡಂ."

"ಅವನೇ ಇಲ್ಲಿ ಇರೋಕೆ ಬರ್ತಿರೋದು. ಅವನು ಇದೇ ಊರಲ್ಲಿ ಹುಟ್ಟಿದವನು, ಈ ಸೈಟು ನಮ್ಮಪ್ಪನ ಕಾಲದ್ದು. ನೀವೆಲ್ಲ ಆಮೇಲೆ ಬಂದೋರು."

ಗುಂಪು ಮೆಲ್ಲಗೆ ಕರಗಿತು. ಹಾಗೆಂದು ಎಲ್ಲವೂ ಸರಿಹೋಯಿತು ಎನ್ನಲಾರೆ. ಆ ಅಧಿಕಾರಿ ತಮ್ಮ ಕಾಂಪೌಂಡನ್ನು ಇನ್ನಷ್ಟು ಎತ್ತರಿಸಿಕೊಂಡರು. ಮುಂದೆ ಶ್ರೀಧರ ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು, "ನಮಸ್ಕಾರ ಸಾರ್, ತಿಂಡಿ ಆಯ್ತಾ?" ಎಂದು ಕೂಗಿ ಕೇಳುತ್ತಿದ್ದ. ಬಹಳ ದಿನ ಆ ಕಡೆಯಿಂದ ಸದ್ದಿರಲಿಲ್ಲ. ಒಂದು ದಿನ ಪೇಪರಿನ ಹಿಂದಿನಿಂದ, "ಆಯ್ತಪ್ಪ, ನಿಂದು?" ಎಂದು ಬಂತಂತೆ. ಆ ಸುದ್ದಿಯನ್ನು ಶ್ರೀಧರ ನನಗೆ ಫೋನ್ ಮಾಡಿ ಹೇಳಿದ್ದ.

ಇನ್ನೊಂದು ತಕರಾರು ಮೇಡಂ ಅವರ ಸೋದರತ್ತೆಯದು. ಬಾಗಿಲಿಗೆ ಹೊಸ್ತಿಲೇ ಇಲ್ಲ, ಇದೂ ಒಂದು ಮನೆಯಾ ಎಂದು ಆ ಹಿರಿಯ ಜೀವ ಮುನಿಸಿಕೊಂಡಿತ್ತು. ಎತ್ತರದ ಹೊಸ್ತಿಲಿಟ್ಟರೆ ಸೆಲ್ವನ ಚಕ್ರ ದಾಟುವುದಿಲ್ಲ. ಬಡಗಿಗೆ ಹೇಳಿ ಒಂದು ತೇಗದ ಪಟ್ಟಿಯನ್ನು ನೆಲಕ್ಕೆ ಸಮವಾಗಿ ಕೂರಿಸಿದೆವು. "ಅತ್ತೆ, ಹೊಸ್ತಿಲು ಇದೆ. ಮಲಗಿದೆ ಅಷ್ಟೆ" ಎಂದರು ಮೇಡಂ. ಗೃಹಪ್ರವೇಶದ ದಿನ ಅತ್ತೆಯೇ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಮಂಡಿ ನೋವಿನ ಅವರು ಯಾರ ಕೈಯನ್ನೂ ಹಿಡಿಯದೆ ಒಳಗೆ ನಡೆದು ಬಂದು, "ಅಬ್ಬ, ಎಷ್ಟು ಸಲೀಸು ಮಾರಾಯ್ತಿ" ಎಂದುಬಿಟ್ಟರು...

ಆ ಗೃಹಪ್ರವೇಶ! ಹಸಿರು ಗೋಡೆಗಳು, ಮೂರು ಬಾಗಿಲಿಗೆ ಮೂರು ಬಣ್ಣ. ಹಾಲಿನಲ್ಲಿ ಹೋಮದ ಹೊಗೆ ಆರಿದ ಮೇಲೆ ಇಮ್ರಾನನ ತಂದೆ ಒಂದು ಮೂಲೆಯಲ್ಲಿ ನಿಂತು ದುವಾ ಮಾಡಿದರು. ಸೆಲ್ವನ ತಾಯಿ ಮಾಡಿ ತಂದ ಸಿಹಿ ಪೊಂಗಲ್ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಹಳೆಯ ವಿದ್ಯಾರ್ಥಿನಿಯರು ಬಡಿಸಲು ನಿಂತರು. ಮೇಡಂ ಅತ್ತಿಂದಿತ್ತ ಓಡಾಡುತ್ತ ಬಂದವರಿಗೆಲ್ಲ ಸ್ವಿಚ್ಚು ಎಷ್ಟು ಕೆಳಗಿದೆ, ಅಡುಗೆಕಟ್ಟೆಯ ಕೆಳಗೆ ಸೆಲ್ವನ ಮಂಡಿಗೆ ಹೇಗೆ ಜಾಗ ಬಿಟ್ಟಿದೆ ಎಂದು ತೋರಿಸಿದ್ದೇ ತೋರಿಸಿದ್ದು.

ಅವರ ಲೆಕ್ಕಾಚಾರ ಇಷ್ಟಿತ್ತು: ಮನೆ ಸಿದ್ಧವಿರಲಿ. ಜೊತೆಗಿರುವ ಗಂಡಹೆಂಡತಿ ಆಗಲೇ ಬಂದಿದ್ದರು, ಅವರು ಮನೆ ನೋಡಿಕೊಳ್ಳಲಿ. ಹುಡುಗರು ಆಗಾಗ ಬಂದು ರೂಢಿ ಮಾಡಿಕೊಳ್ಳಲಿ. ತಾವು ಹೋದ ಮೇಲೆ ತಮ್ಮ ಬಂದು ಇದ್ದರಾಯಿತು.

ಸಂಜೆ ನೆಂಟರೆಲ್ಲ ಹೊರಟ ಮೇಲೆ ಮೇಡಂ ಚೀಲ ಹಿಡಿದು, "ಶ್ರೀಧರ, ಹೊರಡೋಣ್ವಾ" ಎಂದು ಕರೆದರು. ಅವನ ಕೋಣೆಯ ಬಾಗಿಲು ಮುಚ್ಚಿತ್ತು. ತಳ್ಳಿದರು, ಒಳಗಿನಿಂದ ಚಿಲಕ.

"ಶ್ರೀಧರ?"

"ನಾನು ಬರಲ್ಲ ಅಕ್ಕ."

"ಇದೇನೋ ಹೊಸ ಆಟ? ಬಾ, ಕತ್ತಲಾಗತ್ತೆ."

"ಆಟ ಅಲ್ಲ. ಇದು ನಮ್ಮನೆ. ಸೆಲ್ವನೂ ಹೋಗಲ್ಲ ಅಂದಿದಾನೆ."

"ಇದು ಆಮೇಲೆ ಇರೋಕೆ ಕಣೋ. ಈಗಲ್ಲ."

"ಆಮೇಲೆ ಯಾವಾಗ?"

ಮೇಡಂ ಬಾಗಿಲಿಗೆ ಅಂಗೈ ಊರಿ ನಿಂತರು. ನಾನು ಪರ್ಸಿನಿಂದ ಒಂದು ನಾಣ್ಯ ತೆಗೆದು ಅವರ ಕೈಗಿಟ್ಟೆ. ಅವರು ಅದನ್ನು ಚಿಲಕದ ಸೀಳಿನವರೆಗೂ ಒಯ್ದರು. ಒಳಗಿನಿಂದ ಸೆಲ್ವ ಏನೋ ಹೇಳಿದ್ದು, ಇಬ್ಬರೂ ನಕ್ಕದ್ದು ಕೇಳಿತು. ಮೇಡಂ ನಾಣ್ಯವನ್ನು ನನಗೆ ವಾಪಸು ಕೊಟ್ಟರು.

"ಅವನು ಹಾಕ್ಕೊಂಡಿದಾನೆ. ನಾನ್ಯಾಕೆ ತೆಗೀಲಿ?"

ನಾನು ಅವರೊಬ್ಬರನ್ನೇ ಕಾರಿನಲ್ಲಿ ವಿನೋಬನಗರಕ್ಕೆ ಕರೆದುಕೊಂಡು ಬಂದೆ. ಭದ್ರಾವತಿ ದಾಟುವ ತನಕ ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ ಅತ್ತರು, ಮಕ್ಕಳ ಹಾಗೆ, ಸೆರಗು ಬಾಯಿಗೊತ್ತಿಕೊಂಡು. ಶಿವಮೊಗ್ಗದ ದೀಪಗಳು ಕಾಣುವ ಹೊತ್ತಿಗೆ ಅಳುವಿನ ನಡುವೆಯೇ ನಗಲು ಶುರುಮಾಡಿದರು. "ನನ್ನನ್ನೇ ಸೋಲಿಸಿಬಿಟ್ಟ ಕಣೇ! ಊರಿಗೆಲ್ಲ ಅವನು ಸ್ವಂತಕ್ಕೆ ಇರಬಲ್ಲ ಅಂತ ಹೇಳ್ಕೊಂಡು ತಿರುಗಿದೆ. ನಂಬಿರಲಿಲ್ಲ ನೋಡು, ನಾನೇ ನಂಬಿರಲಿಲ್ಲ."

ಒಂದೆರಡು ತಿಂಗಳಲ್ಲಿ ಇಮ್ರಾನನೂ ಅಲ್ಲಿಗೇ ಬಂದು ನೆಲೆಸಿದ. ಮೂವರೂ ಬಸ್ಸಿನಲ್ಲಿ ಶಿವಮೊಗ್ಗದ ಕೇಂದ್ರಕ್ಕೆ ಹೋಗಿ ಬರುವುದನ್ನು ಕಲಿತರು. ಸೆಲ್ವನ ಕುರ್ಚಿ ಹತ್ತಿಸಲು ಕಂಡಕ್ಟರುಗಳೇ ಕೈ ಹಾಕುತ್ತಿದ್ದರು. ಜಗಳಗಳೂ ಇದ್ದವು. ಟೀವಿಯ ದನಿಗಾಗಿ, ಕೊನೆಯ ಚಪಾತಿಗಾಗಿ, ಯಾರು ಪಾತ್ರೆ ತೊಳೆಯಬೇಕು ಎಂಬುದಕ್ಕಾಗಿ. ಒಮ್ಮೆ ಶ್ರೀಧರ ಜ್ವರ ಬಂದು ಮಲಗಿದಾಗ ಮೇಡಂ ಗಾಬರಿಯಿಂದ ಓಡಿಬಂದು ಸೀದಾ ಅವನ ಕೋಣೆಗೆ ನುಗ್ಗಿದರು. ಅವನು ಕಂಬಳಿಯೊಳಗಿಂದ, "ಅಕ್ಕ, ಬಾಗಿಲು ತಟ್ಟಿ ಬಾ" ಎಂದ. ಮೇಡಂ ಹೊರಗೆ ಹೋಗಿ, ಬಾಗಿಲು ಮುಚ್ಚಿ, ತಟ್ಟಿ, "ಬರ್ಬಹುದಾ ಸ್ವಾಮಿ?" ಎಂದು ಕೇಳಿ ಒಳಗೆ ಬಂದರು. ಈ ಕಥೆಯನ್ನು ಅವರು ಎಷ್ಟು ಜನರಿಗೆ ಹೇಳಿದರೋ... ಪ್ರತಿ ಸಲವೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಅವರ ಬದುಕೂ ಬದಲಾಯಿತು. ಬೆಳಕು ಹರಿಯುವ ಮೊದಲೇ ಏಳುತ್ತಿದ್ದವರು ಬಿಸಿಲು ಬರುವ ತನಕ ಮಲಗುವುದನ್ನು ಕಲಿತರು. ವಿನೋಬನಗರದ ಹೆಂಗಸರನ್ನು ಕಲೆಹಾಕಿ ಸಂಜೆ ಶಟಲ್ ಆಡಿಸಿದರು. ಗೆಳತಿಯರ ಜೊತೆ ಮುರುಡೇಶ್ವರಕ್ಕೆ ಹೋಗಿ ಸೀರೆ ನೆನೆಯುವಂತೆ ಸಮುದ್ರದಲ್ಲಿ ನಿಂತ ಫೋಟೋ ಕಳಿಸಿದ್ದರು. ಅಲ್ಲಿಯ ತನಕ ಒಂದು ರಾತ್ರಿಗಾದರೂ ತಮ್ಮನನ್ನು ಬಿಟ್ಟು ಇದ್ದವರಲ್ಲ ಅವರು. ಭಾನುವಾರ ಮಾತ್ರ ತಪ್ಪದೆ ಜನ್ನಾಪುರ. ಅಲ್ಲಿ ಅವರು ಅತಿಥಿ. ತಮ್ಮ ಹಾಕಿದ ಮಣೆಯ ಮೇಲೆ ಕೂತು, ತಮ್ಮ ಬಡಿಸಿದ್ದನ್ನು ಉಣ್ಣುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೂ ಮಾತಾಡುತ್ತಿರಲಿಲ್ಲ. ಅವರಂಥವರಿಗೆ ಅದೇನು ಸಣ್ಣ ಸಂಗತಿಯೇ!

ಕಾಯಿಲೆ ಬಂದದ್ದು ತಡವಾಗಿ, ಮುಗಿಸಿದ್ದು ಬೇಗ. ಹೋಗುವ ಮೊದಲಿನ ದಿನ ಆಸ್ಪತ್ರೆಯಲ್ಲಿ ಶ್ರೀಧರ ಅವರ ಪಾದ ಒತ್ತುತ್ತ ಕೂತಿದ್ದ. ಅವನಿಂದ ಏನನ್ನೂ ಮುಚ್ಚಿಡಬಾರದು ಎಂದು ಅವರು ಮೊದಲೇ ಹೇಳಿದ್ದರಿಂದ ನಾನೇ ಅವನಿಗೆ ಎಲ್ಲವನ್ನೂ ಹೇಳಿದ್ದೆ. ಮರುದಿನ ಅವನು ಮನೆ ತುಂಬುವಂತೆ ಅತ್ತ. ಅತ್ತು ಮುಗಿದ ಮೇಲೆ, "ಅಕ್ಕ ಇನ್ನು ಬರಲ್ಲ ಅಲ್ವಾ ಇಂಜಿನಿಯರಮ್ಮ?" ಎಂದು ಕೇಳಿದ. ಬರಲ್ಲ ಎಂದೆ. ತಲೆಯಾಡಿಸಿದ.

ವೈಕುಂಠದ ಊಟ ಮುಗಿದ ಸಂಜೆ ವಿನೋಬನಗರದ ಮನೆಯಲ್ಲಿ ನೆಂಟರು ಸೇರಿ ಮತ್ತೆ ಅದೇ ಮಾತು ತೆಗೆದರು. ಈಗ ಇವನನ್ನು ಯಾರು ಕರೆದುಕೊಂಡು ಹೋಗುವುದು, ಎಷ್ಟು ದಿನ, ಯಾರ ಮನೆಯಲ್ಲಿ... ಶ್ರೀಧರ ಎದ್ದು ಒಳಗೆ ಹೋದ. ತನ್ನ ಬಟ್ಟೆ ಮಡಚಿ ಬ್ಯಾಗಿಗೆ ತುಂಬಿ, ಚಪ್ಪಲಿ ಮೆಟ್ಟಿಕೊಂಡು ಬಂದು ನಿಂತ.

"ಬರ್ತೀನಿ. ಇಮ್ರಾನ್‌ಗೆ ನಾನಿಲ್ದಿದ್ರೆ ಊಟ ಸೇರಲ್ಲ."

"ಎಲ್ಲಿಗೋ? ಒಬ್ನೇ ಹೇಗೆ ಹೋಗ್ತೀಯ?" ಎಂದರು ದೊಡ್ಡಪ್ಪನ ಮಗ.

"ನಮ್ಮನೆಗೆ. ಬಸ್ಸಲ್ಲಿ." ಅವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. "ನೀವೂ ಬನ್ನಿ ಒಂದ್ಸಲ. ಫೋನ್ ಮಾಡಿ ಬನ್ನಿ."

ಅವನು ಅಕ್ಕನ ಫೋಟೋಗೆ ಕೈಮುಗಿದು, ಗೇಟು ಹಾಕಿಕೊಂಡು, ಬಸ್‌ಸ್ಟಾಪಿನ ಕಡೆ ನಡೆದುಹೋದ.

ಕಳೆದ ವಾರ, ಮೈದಾನದ ವಾಸನೆ ಅವರನ್ನು ಮನಸ್ಸಿಗೆ ತಂದ ಮೇಲೆ ಕೂತಲ್ಲಿ ಕೂರಲಾಗದೆ ಜನ್ನಾಪುರಕ್ಕೆ ಹೋದೆ. ಶ್ರೀಧರ ಬಾಗಿಲು ತೆರೆದು, ಕುರ್ಚಿ ತೋರಿಸಿ, ಕಾಫಿ ಮಾಡಿ ತಂದ. ಸಕ್ಕರೆ ವಿಪರೀತ. ಸೆಲ್ವ ಕ್ರಿಕೆಟ್ ನೋಡುತ್ತಿದ್ದ. ಇಮ್ರಾನ್ ಕಿಟಕಿಯಿಂದ ನನ್ನನ್ನು ನೋಡಿ, ಒಂದು ದೋರೆ ಪೇರಲೆಹಣ್ಣು ತಂದು ಕೈಗಿಟ್ಟು ಹೋದ. ಶ್ರೀಧರ ಊರಿನ ಸುದ್ದಿಯನ್ನೆಲ್ಲ ಹೇಳಿದ. ಪಕ್ಕದ ಮನೆಯ ಸಾರ್‌ಗೆ ಕಣ್ಣಿನ ಆಪರೇಷನ್ ಆಗಿದೆ, ತಾನೇ ದಿನಾ ಅವರ ಹಾಲು ತಂದುಕೊಡುತ್ತಿದ್ದೇನೆ ಎಂದ. ಖಾಲಿ ಲೋಟ ಎತ್ತಿಟ್ಟು, "ಭಾನುವಾರ ಅಕ್ಕನ ನೆನಪು ಜಾಸ್ತಿ ಬರತ್ತೆ" ಎಂದ. ನನಗೂ ಬರುತ್ತೆ ಎಂದೆ. ಆಮೇಲೆ ಅವನು ಗಡಿಯಾರ ನೋಡಿ, "ಇವತ್ತು ಚಪಾತಿ ನನ್ನ ಪಾಳಿ. ನೀವು ಹೊರಡ್ತೀರಾ, ಊಟಕ್ಕೆ ಇರ್ತೀರಾ? ಇರೋದಾದ್ರೆ ಹಿಟ್ಟು ಜಾಸ್ತಿ ಕಲಸ್ಬೇಕು" ಎಂದು ಕೇಳಿದ.

ಹೊರಟೆ. ಇದನ್ನೆಲ್ಲ ಅವರು ನೋಡಬೇಕಿತ್ತು ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಶಿವಮೊಗ್ಗ ಹತ್ತಿರವಾದಾಗ ಹೊಳೆಯಿತು: ನೋಡಿದ್ದರಲ್ಲ! ಎಷ್ಟೋ ವರ್ಷಗಳ ಭಾನುವಾರಗಳಲ್ಲಿ ಅವರು ಇದನ್ನೇ ಕಣ್ಣಾರೆ ಕಂಡಿದ್ದರು, ಮಣೆಯ ಮೇಲೆ ಕೂತು ಉಂಡಿದ್ದರು, ಹೊಟ್ಟೆ ತುಂಬ ನಕ್ಕಿದ್ದರು. 'ಆಮೇಲೆ' ಅಂತ ಅವರು ಎತ್ತಿಟ್ಟಿದ್ದನ್ನು ತಮ್ಮ 'ಈಗಲೇ' ಅಂತ ಕಸಿದುಕೊಂಡಿದ್ದ. ಅವರು ನೋಡದೆ ಹೋದದ್ದು ಏನೂ ಇರಲಿಲ್ಲ. ಆದರೂ ಅವರು ಇರಬೇಕಿತ್ತು... ಸುಮ್ಮನೆ, ಇರಬೇಕಿತ್ತು.